ಮಿರಜಿಗೆ ಬಂದ ಪಾದ್ರಿ ಡಾಕ್ಟರು: ಹೊಸಬರಿಗೊಂದು ಪರಿಚಯ

ಮೊದಲು ನಕ್ಷೆ ತೆಗೆಯಿರಿ.   ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಮೇಲೆ ಬೆರಳಿಡಿ. ಮಳೆ ಕಡಿಮೆ, ಜೋಳದ ಸೀಮೆ, ಕನ್ನಡ ಮರಾಠಿ ಎರಡೂ ಬಳಕೆಯಲ್ಲಿರುವ ಗಡಿನಾಡು. ನಮ್ಮ ಕಡೆಯ ಭಕ್ತರು ಹೋಗುವ ಗುಡ್ಡಾಪುರದ ದಾನಮ್ಮದೇವಿಯ ಗುಡಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಈಗ ಬೆರಳನ್ನು ಪಶ್ಚಿಮಕ್ಕೆ ಸರಿಸಿದರೆ ಮಿರಜ್ ಸಿಗುತ್ತದೆ. ಈ ಸೀಮೆಯವರಿಗೆ ಮಿರಜ್ ಎಂದರೆ ಮೊದಲು ನೆನಪಾಗುವುದು ದವಾಖಾನೆ. ಆ ಹೆಸರು ಬರಲು ಕಾರಣನಾದ ಒಬ್ಬ ಎಳೆಯ ಮಿಷನರಿಯ ಮೂಲಕ, ಪರದೇಶದಿಂದ ಬಂದ ಪಾದ್ರಿಗಳು ಇಲ್ಲಿ ಹೇಗೆ ನೆಲೆಯೂರಿದರು ಎಂಬುದನ್ನು ನೋಡೋಣ.

ಅದಕ್ಕೂ ಮುಂಚೆ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಮಿಷನರಿಗಳನ್ನೆಲ್ಲ ಇಂಗ್ಲಿಷ್ ಸರ್ಕಾರವೇ ಕರೆತಂದಿತು ಎಂದು ಹಲವರು ನಂಬಿದ್ದಾರೆ. ಆದರೆ ಈಸ್ಟ್ ಇಂಡಿಯಾ ಕಂಪನಿಗೆ ಬಹುಕಾಲ ಅವರೆಂದರೆ ತಲೆನೋವು. ಧರ್ಮದ ಗಲಾಟೆಯಿಂದ ವ್ಯಾಪಾರ ಕೆಡುತ್ತದೆ ಎಂಬ ಭಯ. 1813ರ ಚಾರ್ಟರ್ ಕಾಯಿದೆ ಬ್ರಿಟಿಷ್ ಮಿಷನರಿಗಳಿಗೆ ದಾರಿ ತೆರೆಯಿತು, 1833ರದ್ದು ಬೇರೆ ದೇಶದವರಿಗೂ. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದದ್ದು ಆ ಕಾರಣಕ್ಕೆ. ಹಾಗೆಂದು ಆಳುವವರಿಗೂ ಅವರಿಗೂ ನಂಟೇ ಇರಲಿಲ್ಲ ಎನ್ನಲಾಗದು. ಬಿಳಿಯ ಮೈಬಣ್ಣ ತಾನಾಗಿಯೇ ಕೆಲವು ಬಾಗಿಲುಗಳನ್ನು ತೆರೆಯುತ್ತಿತ್ತು.

ಬಂದವನನ್ನು ಸಾಕುವುದು ತಾಯ್ನಾಡಿನ ಮಿಷನ್ ಮಂಡಳಿ. ಯಾವ ಊರಿಗೆ ಹೋಗಬೇಕು, ಯಾವ ಕೆಲಸ ಹಿಡಿಯಬೇಕು ಎಂಬುದನ್ನೆಲ್ಲ ಮಿಷನ್ನೇ ತೀರ್ಮಾನಿಸುತ್ತಿತ್ತು. ಬಾಸೆಲ್ ಮಿಷನ್ನಿನಲ್ಲಂತೂ ಮದುವೆಗೂ ಮಂಡಳಿಯ ಒಪ್ಪಿಗೆ ಬೇಕು. ಊರಿಗೆ ಮುಟ್ಟಿದ ಮೇಲೆ ಮೊದಲ ಕೆಲಸ ಭಾಷೆ: ಪಂಡಿತರೊಬ್ಬರ ಮುಂದೆ ಕೂತು ಅಕ್ಷರದಿಂದ ಶುರುಮಾಡಬೇಕು. ಈ ಪಂಡಿತರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲಿ ಅಪರೂಪ. ನನಗದು ಅನ್ಯಾಯ ಎನಿಸುತ್ತದೆ.

ಕನ್ನಡ ಓದುಗರಿಗೆ ಗೊತ್ತಿರುವ ಉದಾಹರಣೆ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಂದಾಗ ವಯಸ್ಸು 21. ಧಾರವಾಡ ಸೀಮೆಯಲ್ಲಿ ಹಳ್ಳಿಹಳ್ಳಿ ನಡೆದು, ಜನರ ನಡುವೆ ಅವರಂತೆಯೇ ಇರಲು ಹೊರಟವನು. ಹಿರಿಯ ಮಿಷನರಿಗಳಿಗೆ ಈ ಹುಡುಗನ ರೀತಿ ಹಿಡಿಸಲಿಲ್ಲ. ಮುಂದೆ ಮಂಗಳೂರಿಗೆ ಹೋಗಬೇಕಾಯಿತು. ಹೊಸಬನಿಗೆ ಊರಿನವರಿಗಿಂತ ತನ್ನವರೇ ಕಷ್ಟವಾಗುವುದುಂಟು! ಅವನ ಶ್ರಮದ ಫಲವಾಗಿ ಸುಮಾರು 70,000 ಪದಗಳ ನಿಘಂಟು ಹೊರಬಂದದ್ದು 1894ರಲ್ಲಿ.

ಅದೇ 1894ರಲ್ಲಿ ಮಿರಜಿನಲ್ಲಿ ಒಂದು ಆಸ್ಪತ್ರೆ ಬಾಗಿಲು ತೆರೆಯಿತು. ಕಟ್ಟಿಸಿದವನು ವಿಲಿಯಂ ಜೇಮ್ಸ್ ವಾನ್ಲೆಸ್. ಹುಟ್ಟಿದ್ದು 1865ರಲ್ಲಿ ಕೆನಡಾದಲ್ಲಿ, ವೈದ್ಯ ಕಲಿತದ್ದು ನ್ಯೂಯಾರ್ಕಿನಲ್ಲಿ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಅವನನ್ನು 1889ರಲ್ಲಿ ಸಾಂಗ್ಲಿಗೆ ಕಳಿಸಿತು. ಕೈಯಲ್ಲಿ ಅದೇ ವರ್ಷ ಪಡೆದ ಪದವಿ, ಜೊತೆಗೆ ಹೆಂಡತಿ, ವಯಸ್ಸು 24. ಆ ಮಿಷನ್ನಿನ ಕೆಲಸ ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಅವನಿಗೆ ಒದಗಿದ್ದು ಮರಾಠಿಯ ಪಾಠ.

ಇಲ್ಲಿ ಸ್ವಲ್ಪ ನಿಲ್ಲೋಣ. ಆಗ ಈ ಸೀಮೆಯ ಬಹುಭಾಗ ಸಂಸ್ಥಾನಗಳ ಕೈಯಲ್ಲಿತ್ತು. ಜತ್ ಡಫಳೆ ಮನೆತನದ್ದು, ಸಾಂಗ್ಲಿ ಮಿರಜ್‌ಗಳು ಪಟವರ್ಧನರವು, ಕೊಲ್ಲಾಪುರ ಛತ್ರಪತಿ ಮನೆತನದ್ದು. ಸಂಸ್ಥಾನದಲ್ಲಿ ನೆಲೆ ನಿಲ್ಲಬೇಕಾದರೆ ದರಬಾರಿನ ಕೃಪೆ ಬೇಕು. ಅಂದರೆ ಹೊಸ ಮಿಷನರಿ ಮೂವರಿಗೆ ಸಲ್ಲಬೇಕು: ಹಣ ಕಳಿಸುವ ಮಂಡಳಿಗೆ, ಜಾಗದ ಒಡೆಯನಿಗೆ, ಬಾಗಿಲಿಗೆ ಬರುವ ಜನಕ್ಕೆ. ಮೊದಲ ಇಬ್ಬರನ್ನು ಪತ್ರ ಬರೆದು, ಭೇಟಿ ಮಾಡಿ ಒಪ್ಪಿಸಬಹುದು. ಮೂರನೆಯವರನ್ನು ಹಾಗೆ ಒಪ್ಪಿಸಲು ಬರುವುದಿಲ್ಲ.

ವಾನ್ಲೆಸ್‌ಗೆ ಈ ಮೂರನೆಯವರ ನಂಬಿಕೆ ಸಿಕ್ಕಿದ್ದು ಉಪದೇಶದಿಂದಲ್ಲ, ಕತ್ತರಿಯಿಂದ ಎಂಬುದು ನನ್ನ ಎಣಿಕೆ. ಮಿರಜ್ ಪ್ರಸಿದ್ಧವಾದದ್ದು ಶಸ್ತ್ರಚಿಕಿತ್ಸೆಗೆ. ಅದರಲ್ಲೂ ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು. ಪೊರೆಯ ವಿಷಯವನ್ನೇ ಯೋಚಿಸಿ. ಮೊಮ್ಮಗನ ಕೈಹಿಡಿದು ಹೋದ ಅಜ್ಜ ತಾನೇ ದಾರಿ ನೋಡಿಕೊಂಡು ಮರಳಿದರೆ, ಆ ಹಳ್ಳಿಗೆ ಬೇರೆ ಪ್ರಚಾರ ಬೇಕಿಲ್ಲ. ಮೇಲಾಗಿ ಮಿರಜ್ ರೈಲು ಜಂಕ್ಷನ್. ಪುಣೆ, ಬೆಳಗಾವಿ, ಕೊಲ್ಲಾಪುರದ ಹಳಿಗಳು ಕೂಡುವ ಜಾಗ. ರೋಗಿಗಳು ದೂರದಿಂದಲೂ ಬರಬಹುದಾಗಿತ್ತು.

ಒಬ್ಬನೇ ಎಷ್ಟು ಕತ್ತರಿಸಿಯಾನು? 1897ರಲ್ಲಿ ಅಲ್ಲಿಯೇ ವೈದ್ಯಕೀಯ ಶಾಲೆ ಶುರುವಾಯಿತು. ಇಲ್ಲಿನ ಹುಡುಗರನ್ನೇ ತರಬೇತಿ ಕೊಟ್ಟು ತಯಾರು ಮಾಡಿದರು. ಆಮೇಲೆ ಕುಷ್ಠರೋಗದ ಆಸ್ಪತ್ರೆ, 1920ರಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮ. ಆ ಆರೋಗ್ಯಧಾಮದ ಜಾಗಕ್ಕೆ ಇಂದಿಗೂ ವಾನ್ಲೆಸ್‌ವಾಡಿ ಎಂದೇ ಹೆಸರು. 1928ರಲ್ಲಿ ಅವನಿಗೆ ಸರ್ ಪದವಿ ಬಂತು; 1933ರಲ್ಲಿ ತೀರಿಕೊಂಡ. ಮೊದಲ ಹೆಂಡತಿ ಮೇರಿಯ ಹೆಸರಿನಲ್ಲಿ ಕೊಲ್ಲಾಪುರದಲ್ಲಿ ಆಸ್ಪತ್ರೆಯಿದೆ. ಇಂಥ ಕಥೆಗಳಲ್ಲಿ ಹೆಂಡತಿಯರಿಗೆ ಸಿಗುವುದು ಒಂದು ಫಲಕ ಮಾತ್ರ; ಪರನಾಡಿನಲ್ಲಿ ಮನೆ ನಿಲ್ಲಿಸಿದ ದುಡಿಮೆಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ವಾನ್ಲೆಸ್ ಬಂದದ್ದು ಕ್ರೈಸ್ತಮತ ಸಾರುವುದಕ್ಕೆ. ಅದನ್ನು ಮರೆಮಾಚಬೇಕಿಲ್ಲ, ಅವನೂ ಮರೆಮಾಚಲಿಲ್ಲ. ಜನ ಔಷಧ ತೆಗೆದುಕೊಂಡರು, ಬಹುಪಾಲು ಜನ ತಮ್ಮ ದೇವರನ್ನೇ ಪೂಜಿಸುತ್ತ ಉಳಿದರು. ಮಿಷನ್ ದೃಷ್ಟಿಯಿಂದ ಇದು ಅರ್ಧ ಸೋಲು ಎನ್ನುವವರಿದ್ದಾರೆ. ನಮ್ಮ ಕಡೆಯಿಂದ ನೋಡಿದರೆ ಇಡೀ ಗೆಲುವು.

ಹೊಸದಾಗಿ ಓದಲು ಹೊರಟವರಿಗೆ ಒಂದು ಕಿವಿಮಾತು. ಮಿಷನ್ ವರದಿಗಳನ್ನೂ ಮಿಷನರಿಗಳ ಪುಸ್ತಕಗಳನ್ನೂ ಓದುವಾಗ, ಅವು ಹೆಚ್ಚಾಗಿ ದೂರದ ದಾನಿಗಳಿಗಾಗಿ ಬರೆದವು ಎಂಬುದನ್ನು ಮರೆಯಬೇಡಿ. ನಮ್ಮ ಹಳ್ಳಿಗಳು ಅಲ್ಲಿ ಇದ್ದುದಕ್ಕಿಂತ ಕತ್ತಲಾಗಿ ಕಾಣುವುದು ಸಹಜ. ಜತ್, ಅಥಣಿ, ವಿಜಯಪುರದ ಹಳ್ಳಿಗಳಲ್ಲಿ ಮಿರಜಿಗೆ ಹೋಗಿಬಂದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ವರದಿಗಳ ಜೊತೆಗೆ ಅವರ ಮಾತನ್ನೂ ಕೇಳಿ ಬರೆದಿಟ್ಟುಕೊಳ್ಳಿ.