ಮೀನಿನ ದೊಡ್ಡ ತೊಟ್ಟಿಗೆ ಎಂಥ ಫಿಲ್ಟರ್ ಬೇಕು?

ಸಂಘದ ಸಾಲದಿಂದ ಮನೆಯಲ್ಲೇ ಬಣ್ಣದ ಮೀನು ಸಾಕಿ ಮಾರಬೇಕೆನ್ನುವವರು ಮೊದಲು ಕೇಳುವುದು ತೊಟ್ಟಿಯ ಅಳತೆ, ಆಮೇಲೆ ಮೀನಿನ ಜಾತಿ. ಫಿಲ್ಟರಿನ ಮಾತು ಕೊನೆಗೆ ಬರುತ್ತದೆ, ಅದೂ "ಅಂಗಡ್ಯಾಗ ಏನ್ ಕೊಡ್ತಾರೋ ಅದ ಸಾಕ್ರಿ" ಎಂದು. ಆದರೆ ಸಾಲದ ಕಂತು ಕಟ್ಟಬೇಕಾದರೆ ಮೀನು ಬದುಕಿರಬೇಕು, ಮೀನು ಬದುಕಬೇಕಾದರೆ ಫಿಲ್ಟರ್ ಸರಿಯಿರಬೇಕು. ಆದ್ದರಿಂದ ಈ ಪಾಠದಲ್ಲಿ ಅದನ್ನೇ ಮೊದಲು ನೋಡೋಣ.

"ನೀರು ತಿಳಿ ಅದಾವಲ್ರಿ, ಮತ್ತ ಮೀನಾ ಯಾಕ ಸತ್ವು?" ಹೊಸದಾಗಿ ಮೀನು ಸಾಕಿದವರ ಮನೆಯಲ್ಲಿ ಈ ಮಾತು ಕೇಳಿಬರುವುದುಂಟು. ಮೀನಿನ ಕಿವಿರು ಮತ್ತು ಹೊಲಸಿನಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ. ದಿನಕ್ಕೆ 10 ಗ್ರಾಂ ಒಳ್ಳೆಯ ಮೀನಿನ ಆಹಾರ ಹಾಕಿದರೆ ಸುಮಾರು ಮೂರನೇ ಒಂದು ಗ್ರಾಂ ಅಮೋನಿಯ ಹುಟ್ಟುತ್ತದೆ. ಇನ್ನೂರು ಚಿಲ್ಲರೆ ಲೀಟರ್ ನೀರಿನಲ್ಲಿ ಒಂದೇ ದಿನಕ್ಕೆ ಅದು ಲೀಟರಿಗೆ ಒಂದು ಮಿಲಿಗ್ರಾಂ ದಾಟುತ್ತದೆ. ಇಷ್ಟಾದರೆ ಮೀನಿಗೆ ತ್ರಾಸು ಶುರುವಾಯಿತೆಂದೇ ತಿಳಿಯಿರಿ. ಮೀನು ನೀರಿನ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ಕಿವಿರು ಕೆಂಪಾಗಿದ್ದರೆ, ಆಹಾರ ನಿಲ್ಲಿಸಿ ಕೂಡಲೇ ಸ್ವಲ್ಪ ನೀರು ಬದಲಿಸಬೇಕು.

ಈ ಅಮೋನಿಯವನ್ನು ತಿಂದು ಬದಲಿಸುವುದು ಕಣ್ಣಿಗೆ ಕಾಣದ ಒಳ್ಳೆಯ ಸೂಕ್ಷ್ಮಜೀವಿಗಳು. ಮೊದಲು ಅದು ನೈಟ್ರೈಟ್ ಆಗುತ್ತದೆ (ಇದೂ ವಿಷವೇ), ನಂತರ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗುತ್ತದೆ. ಇವು ಸ್ಪಂಜು, ಕಲ್ಲು, ಹಂಚಿನ ಚೂರುಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಫಿಲ್ಟರ್ ಎಂದರೆ ಕಸ ಸೋಸುವ ಜಾಳಿಗೆ ಎಂದಷ್ಟೇ ತಿಳಿಯಬೇಡಿ, ಅದು ಇವುಗಳ ಮನೆ. ಹೊಸ ತೊಟ್ಟಿಯಲ್ಲಿ ಇವು ತುಂಬಿಕೊಳ್ಳಲು 4ರಿಂದ 6 ವಾರ ಬೇಕು. ಆರೋಗ್ಯವಾದ ಮೀನಿರುವ ಹಳೇ ತೊಟ್ಟಿಯಿಂದ ಒಂದು ಸ್ಪಂಜು ತಂದು ಇಟ್ಟರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಬೇಗ ಆಗುತ್ತದೆ. ಅಲ್ಲಿಯವರೆಗೆ ನಾಲ್ಕೈದು ಸಣ್ಣ ಮೀನು ಸಾಕು. ಮೊದಲ ದಿನವೇ ಐವತ್ತು ಮೀನು ಬಿಡಿ ಎನ್ನುವ ಅಂಗಡಿಯವರ ಮಾತಿಗೆ ಮರುಳಾಗಬೇಡಿ.

ಈಗ ಲೆಕ್ಕ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಎಂದರೆ 9 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿನಂತೆ ಸುಮಾರು 250 ಲೀಟರ್. ಮೇಲೆ ಸ್ವಲ್ಪ ಬಿಟ್ಟು ತುಂಬಿದರೆ 225, ಅಂದರೆ 15 ಲೀಟರಿನ ಕೊಡದಿಂದ 15 ಕೊಡ. (ನೀರಿನ ಭಾರವೇ ಎರಡು ಕ್ವಿಂಟಲ್ ದಾಟುತ್ತದೆ. ಹಳೇ ಮೇಜಿನ ಮೇಲೆ ಇಡಬೇಡಿ!) ಅಷ್ಟೂ ನೀರು ತಾಸಿಗೆ ನಾಲ್ಕೈದು ಸಲ ಫಿಲ್ಟರಿನಲ್ಲಿ ಹಾದುಹೋಗಬೇಕೆಂದು ಲೆಕ್ಕ ಹಿಡಿದರೆ ತಾಸಿಗೆ 900ರಿಂದ 1,100 ಲೀಟರ್ ಎತ್ತುವ ಪಂಪು ಬೇಕು. ಡಬ್ಬಿಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಸ್ಪಂಜು, ಕಲ್ಲು ತುಂಬದೆ ಅಳೆದದ್ದು. ಸ್ಪಂಜು ತುಂಬಿ, ಕಸ ಕಟ್ಟಿ, ಎತ್ತರಕ್ಕೂ ಏರಿಸಿದಾಗ ಅಷ್ಟು ನೀರು ಬರುವುದಿಲ್ಲ. ಒಂದು ಅಳತೆ ದೊಡ್ಡದನ್ನೇ ತನ್ನಿ. ಗೋಲ್ಡ್ ಫಿಶ್ ಆದರಂತೂ ಬಹಳ ತಿಂದು ಬಹಳ ಹೊಲಸು ಮಾಡುವ ಮೀನು, ಅದಕ್ಕೆ ಇನ್ನೂ ಹೆಚ್ಚು ಬೇಕು.

ಹುಬ್ಬಳ್ಳಿಯ ಅಂಗಡಿಗೆ ಹೋದರೆ ತೊಟ್ಟಿಯ ಕೆಳಗೆ ಇಡುವ ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ತೋರಿಸಬಹುದು. ಕೆಲಸ ಚೆನ್ನಾಗಿ ಮಾಡುತ್ತದೆ, ಬೆಲೆಯೂ ಜಾಸ್ತಿ. ಆದರೆ ಕರೆಂಟು ಹೋಗಿ ಕೆಲವು ತಾಸು ನಿಂತರೆ ಒಳಗಿನ ಗಾಳಿ ತೀರಿ ಆ ಸೂಕ್ಷ್ಮಜೀವಿಗಳು ಸಾಯುತ್ತವೆ. ಮತ್ತೆ ಕರೆಂಟು ಬಂದಾಗ ಕೊಳೆತ ನೀರೆಲ್ಲ ತೊಟ್ಟಿಗೇ ಬರುತ್ತದೆ. ಹೆಚ್ಚು ಹೊತ್ತು ನಿಂತಿದ್ದರೆ ಅದನ್ನು ಬಿಚ್ಚಿ ತೊಳೆದೇ ಶುರು ಮಾಡಬೇಕು.

ಹಿರೇಬೆಂಡಿಗೇರಿಯಂಥ ಊರಿಗೆ ನಮ್ಮ ಸಲಹೆ ಬೇರೆ. ಗಾಳಿ ಪಂಪಿನಿಂದ ನಡೆಯುವ ದೊಡ್ಡ ಸ್ಪಂಜ್ ಫಿಲ್ಟರ್ ಎರಡು, ತೊಟ್ಟಿಯ ಎರಡು ಮೂಲೆಗೆ. ಇದು ಗಾಳಿಯನ್ನೂ ಕೊಡುತ್ತದೆ, ಸಣ್ಣ ಮರಿಗಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. 5 ವ್ಯಾಟಿನ ಗಾಳಿ ಪಂಪು ಹಗಲು ರಾತ್ರಿ ನಡೆದರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ. 20 ವ್ಯಾಟಿನ ಕ್ಯಾನಿಸ್ಟರಿಗೆ ಹದಿನಾಲ್ಕು ಯೂನಿಟ್ ಮೇಲೆ. ಕರೆಂಟು ಹೋದಾಗ ನಡೆಯಲು ಬ್ಯಾಟರಿಯ ಚಿಕ್ಕ ಗಾಳಿ ಪಂಪು ಒಂದು ಇರಲಿ. ಮೀನು ಹೆಚ್ಚಾದರೆ ಇದರ ಜೊತೆಗೆ ಮೇಲುಗಡೆಯ ಟ್ರೇ ಫಿಲ್ಟರ್ ಸೇರಿಸಿ. ತಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕೆಳಗೆ ತೊಳೆದ ಹಂಚಿನ ಚೂರು, ಮೇಲೆ ಸ್ಪಂಜು ಇಟ್ಟು, ಪಂಪಿನಿಂದ ಏರಿದ ನೀರು ಸೋಸಿ ತೊಟ್ಟಿಗೆ ಬೀಳುವಂತೆ ಮನೆಯಲ್ಲೇ ಮಾಡಿಕೊಳ್ಳಬಹುದು.

ತೊಳೆಯುವಾಗ ಎಚ್ಚರ. ಪಾತ್ರೆ ತಿಕ್ಕಿದ ಹಾಗೆ ನಳದ ಕೆಳಗೆ ಹಿಡಿದು ತಿಕ್ಕಿದರೆ ಬ್ಲೀಚಿಂಗ್ ಪೌಡರಿನ ನೀರಿಗೆ ಸೂಕ್ಷ್ಮಜೀವಿಗಳೆಲ್ಲ ಹೋದವು. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಎರಡು ಮೂರು ಸಲ ಹಿಂಡಿ, ಸಾಕು. ಎರಡೂ ಸ್ಪಂಜನ್ನು ಒಂದೇ ದಿನ ತೊಳೆಯಬೇಡಿ. ಎಂಥ ಫಿಲ್ಟರ್ ಇದ್ದರೂ ನೈಟ್ರೇಟ್ ಉಳಿಯುತ್ತದೆ, ಅದಕ್ಕೇ ವಾರಕ್ಕೊಮ್ಮೆ ಮೂರು ನಾಲ್ಕು ಕೊಡ ನೀರು ಬದಲಿಸಬೇಕು. ತೆಗೆದ ನೀರು ಕರಿಬೇವಿನ ಗಿಡಕ್ಕೆ ಬಲು ಒಳ್ಳೆಯದು. ಹಾಕುವ ನೀರನ್ನು, ನಳದ್ದಾಗಲಿ ಬೋರಿನದ್ದಾಗಲಿ, ಒಂದು ದಿನ ಡ್ರಮ್ಮಿನಲ್ಲಿ ತೆರೆದಿಟ್ಟು ಗಾಳಿ ಹಾಯಿಸಿ. ಗಡಸು, ಕ್ಷಾರ ನೀರಿನಲ್ಲಿ ಅಷ್ಟೇ ಅಮೋನಿಯ ಹೆಚ್ಚು ವಿಷವಾಗುತ್ತದೆ. ಆದರೆ ಗಪ್ಪಿ, ಮೊಲ್ಲಿ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ, ಮೊದಲ ಸಲಕ್ಕೆ ಅವೇ ಲೇಸು.

2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂ. ವೆಚ್ಚ ಹಿಡಿದು, ಮಹಿಳೆಯರಿಗೆ ಶೇ. 60 ಸಹಾಯಧನ ಇಟ್ಟಿದ್ದರು. ಈಗಿನ ನಿಯಮವನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಸಂಘದಲ್ಲಿ ಸಾಲದ ಠರಾವು ಮಾಡಿ. ಸಾಲದ ಅಂದಾಜಿನಲ್ಲಿ ತೊಟ್ಟಿ, ಮೀನಿನ ಜೊತೆಗೆ ಫಿಲ್ಟರ್, ಬ್ಯಾಟರಿ ಪಂಪು, ಅಮೋನಿಯ ನೋಡುವ ಕಿಟ್ ಇವನ್ನೂ ಬರೆಸಿ. ಮೊದಲ ಕಂತನ್ನು ಎರಡು ತಿಂಗಳು ಬಿಟ್ಟು ಇಟ್ಟುಕೊಳ್ಳಿ, ಏಕೆಂದರೆ ತೊಟ್ಟಿ ಹದಕ್ಕೆ ಬರಲು ಅಷ್ಟು ದಿನ ಬೇಕೇ ಬೇಕು.