ಚೀಲದೊಳಗಿನ ಫೋನು

ಅಕ್ಕಂದಿರೇ, ಇವತ್ತು ಫೋನಿನ ವಿಷಯ ಓದೋಣ.

ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಪಾಠ ನಡೆದಿತ್ತು. ಇದ್ದಕ್ಕಿದ್ದಂತೆ ಒಂದು ಚೀಲದೊಳಗಿಂದ ಹಾಡು ಕೇಳಿಸಿತು. ಮಕ್ಕಳೆಲ್ಲಾ ಗೊಳ್ಳೆಂದು ನಕ್ಕರು. ಚೀಲ ಒಬ್ಬ ಹುಡುಗಿಯದು. ಫೋನು ಅವಳ ತಾಯಿಯದು. ನಾವು ಫೋನು ತೆಗೆದಿಟ್ಟೆವು. ಮನೆಗೆ ಹೇಳಿ ಕಳಿಸಿದೆವು.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾವೇ ಅವಳ ಮನೆಗೆ ಹೋದೆವು.

"ಫೋನು ಹಿಡಿಯೋ ಹುಡುಗಿಗೆ ಶಾಲೆ ಯಾಕೆ? ಓದಿದ್ದು ಸಾಕು" ಅಂದರು ತಂದೆ.

ತಾಯಿ ನಮ್ಮ ರಾತ್ರಿ ತರಗತಿಗೆ ಬರುವವರು. ಬಾಗಿಲ ಹತ್ತಿರ ನಿಂತಿದ್ದರು. "ನಾನೇ ಕೊಟ್ಟಿದ್ದು ಟೀಚರ್. ಸಂಜೆ ಇರೋದು ಒಂದೇ ಬಸ್ಸು. ತಪ್ಪಿದರೆ ತಿಳಿಸಲಿ ಅಂತ" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಮಗನ ಚೀಲದಲ್ಲಿ ಸಿಕ್ಕಿದ್ದರೆ ಅವನ ಓದು ಬಿಡಿಸ್ತಿದ್ರಾ?" ಅಂತ ಕೇಳಿದರು. ತಂದೆ ಮಾತಾಡಲಿಲ್ಲ.

ನಮಗೂ ನಾಚಿಕೆಯಾಯಿತು. ಫೋನು ಯಾಕೆ ತಂದೆ ಅಂತ ನಾವು ಆ ಹುಡುಗಿಯನ್ನು ಕೇಳಿರಲೇ ಇಲ್ಲ. ಮಕ್ಕಳ ಕೈಗೆ ಫೋನು ಕೊಡಿಸಿದವರೂ ನಾವೇ ಅಲ್ಲವೇ? 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಆಗ ಫೋನಿನಲ್ಲೇ ಪಾಠ ನೋಡಿ ಎಂದೆವು.

ಹಾಗಂತ ತರಗತಿಯಲ್ಲಿ ಫೋನು ಬೇಡ. ಒಂದು ಸಲ 'ಟಿಣ್' ಅಂದರೆ ಸಾಕು, ಮಕ್ಕಳ ಗಮನ ಹಾರಿಹೋಗುತ್ತದೆ. ಮತ್ತೆ ಪಾಠದ ಕಡೆ ಮನಸ್ಸು ಬರಲು 20 ನಿಮಿಷದವರೆಗೂ ಹಿಡಿಯಬಹುದು ಎಂದು ಯುನೆಸ್ಕೋ ಸಂಸ್ಥೆಯ 2023ರ ವರದಿಯಲ್ಲಿದೆ. ನಮ್ಮ ಒಂದು ಪಿರಿಯಡ್ಡು ಇರುವುದೇ 40 ನಿಮಿಷ! ಫ್ರಾನ್ಸ್ ದೇಶದಲ್ಲಿ ಸಣ್ಣ ತರಗತಿಯ ಮಕ್ಕಳು ಶಾಲೆಯಲ್ಲಿ ಫೋನು ಬಳಸಬಾರದೆಂದು 2018ರಲ್ಲೇ ಕಾನೂನು ಮಾಡಿದರು.

ಸರಿ, ಬಸ್ಸು ತಪ್ಪಿದರೆ ಏನು ಮಾಡೋದು? ಆ ಹುಡುಗಿಗೆ ಹೀಗೆ ಮಾಡಿದೆವು. ಮುಖ್ಯೋಪಾಧ್ಯಾಯರ ಒಪ್ಪಿಗೆ ಕೇಳಿದೆವು. ಬೆಳಿಗ್ಗೆ ಫೋನು ಆಫ್ ಮಾಡಿ ಆಫೀಸಿನಲ್ಲಿ ಕೊಡುತ್ತಾಳೆ. ಸಂಜೆ ಇಸಕೊಂಡು ಹೋಗುತ್ತಾಳೆ. ನೀವೂ ಮೊದಲೇ ಕೇಳಿ, ಬಚ್ಚಿಟ್ಟು ಕಳಿಸಬೇಡಿ. ನಡುವೆ ತುರ್ತು ಇದ್ದರೆ ಶಾಲೆಗೇ ಫೋನು ಮಾಡಿ. ನಾವು ಮಗುವನ್ನು ಕರೆಸುತ್ತೇವೆ. ಅದಕ್ಕೆ ಶಾಲೆಯ ನಂಬರು ನಿಮ್ಮ ಹತ್ತಿರ ಇರಬೇಕು. ನಿಮ್ಮ ನಂಬರು ಮಗುವಿನ ನೋಟ್ ಬುಕ್ಕಿನಲ್ಲಿ ಇರಬೇಕು.

ಐದನೇ ದಿನ ಹುಡುಗಿ ಬಂದಳು. ನೋಟ್ ಬುಕ್ಕಿನ ಮೊದಲ ಹಾಳೆಯಲ್ಲಿ ತಾಯಿಯೇ ನಂಬರು ಬರೆದಿದ್ದರು. ದಪ್ಪ ದಪ್ಪ ಅಂಕಿಗಳು. ಎಣಿಸಿದರೆ ಒಂಬತ್ತೇ ಇವೆ! ರಾತ್ರಿ ತರಗತಿಗೆ ಬಂದಾಗ ತಾಯಿ ನಗುತ್ತಾ ಬಿಟ್ಟುಹೋದ ಅಂಕಿ ಸೇರಿಸಿದರು.

ಬರೆಯಿರಿ:
ನಿಮ್ಮ ಮಗುವಿನ ಶಾಲೆಯ ನಂಬರು ____________
ಹತ್ತು ಅಂಕಿ ಇವೆಯೇ? ಎಣಿಸಿ ನೋಡಿ.