ನಿನ್ನದಲ್ಲದ ಗುಟ್ಟು

ಮಗಳೇ,

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರುತ್ತಿದ್ದೀಯ, ತುಂಬ ಸಂತೋಷ. ಬಾಡಿಗೆ ಮನೆ, ಊಟ, ಉಳಿತಾಯದ ವಿಚಾರವನ್ನು ನಿನ್ನ ಅಪ್ಪ ಅಮ್ಮ ಹೇಳಿಯೇ ಹೇಳುತ್ತಾರೆ. ಈ ದೊಡ್ಡಪ್ಪ ಹೇಳಬೇಕೆಂದಿರುವುದು ಬೇರೆ. ಆಧಾರ್, ಪಾಸ್‌ವರ್ಡ್, ಖಾಸಗಿತನ ಎಂದು ಮಾತೆತ್ತಿದರೆ ನಿನ್ನ ವಯಸ್ಸಿನವರು ‘ನಾನೇನು ಕಳ್ಳತನ ಮಾಡಿದ್ದೀನಾ, ಮುಚ್ಚಿಡೋಕೆ ನನ್ನ ಹತ್ರ ಏನಿದೆ?’ ಎನ್ನುತ್ತಾರೆ. ನೀನೂ ಹಾಗೇ ಅಂದಿದ್ದೆ. ನಿನ್ನ ಮಟ್ಟಿಗೆ ಅದು ನಿಜವೆಂದೇ ಇಟ್ಟುಕೊಳ್ಳೋಣ. ಆದರೆ ನಿನ್ನ ಫೋನಿನಲ್ಲಿರುವುದೆಲ್ಲ ನಿನ್ನದೇನಾ? ಅಮ್ಮನ ಆಧಾರ್ ಕಾರ್ಡಿನ ಫೋಟೊ ಇದೆ. ಅಜ್ಜಿಯ ಸ್ಕ್ಯಾನಿಂಗ್ ರಿಪೋರ್ಟು ಇದೆ. ಮದುವೆ ಮುರಿದುಬಿದ್ದಾಗ ಗೆಳತಿ ಅಳುತ್ತಾ ಕಳಿಸಿದ ವಾಯ್ಸ್ ಮೆಸೇಜು ಇದೆ. ಹಾಲಿನವರಿಂದ ಹಿಡಿದು ಹಳೆಯ ಮೇಷ್ಟ್ರವರೆಗೆ ನೂರಾರು ಜನರ ನಂಬರುಗಳಿವೆ. ಇವರೆಲ್ಲ ನಿನ್ನನ್ನು ನಂಬಿ ಕೊಟ್ಟದ್ದು ಅದು. ಅದನ್ನು ಊರಿಗೆಲ್ಲ ಬಿಟ್ಟುಕೊಡುವ ಅಧಿಕಾರ ನಿನಗಿಲ್ಲ.

ನಾನು ಬ್ಯಾಂಕಿಗೆ ಸೇರಿದಾಗ, ಕೌಂಟರಿನಲ್ಲಿ ಕೂರುವ ಮೊದಲೇ ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಗೆ ಸಹಿ ಹಾಕಿಸಿಕೊಂಡರು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತಲ್ಲ, ಅದರ ಬೆನ್ನಿಗೆ ಬಂದ 1970ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಈ ಕಟ್ಟಳೆ ಇದೆ. ಮ್ಯಾನೇಜರಿಗೂ ಅದೇ ಘೋಷಣೆ, ಗುಮಾಸ್ತನಿಗೂ ಅದೇ. ಸಣ್ಣ ಊರಿನ ಶಾಖೆಯಲ್ಲಿ ಕೂತವನಿಗೆ ಊರಿನ ಒಳಗುದಿಯೆಲ್ಲ ತಿಳಿಯುತ್ತದೆ. ಯಾರ ಮನೆಯ ಸರ ಅಡವಿಗೆ ಬಂತು, ಯಾರ ಮಗ ದುಡ್ಡು ಕಳಿಸುವುದನ್ನು ನಿಲ್ಲಿಸಿದ, ಹೊರಗೆ ಜಂಬದಿಂದ ಓಡಾಡುವವರ ಖಾತೆಯಲ್ಲಿ ಎಷ್ಟಿದೆ, ಎಲ್ಲವೂ ಲೆಡ್ಜರಿನ ಹಾಳೆಯಲ್ಲಿ ಕಾಣುತ್ತಿತ್ತು. ಅದನ್ನು ಮನೆಯಲ್ಲಿ ನಿನ್ನ ದೊಡ್ಡಮ್ಮನ ಹತ್ತಿರವೂ ಆಡುವಂತಿರಲಿಲ್ಲ. ಆ ಮೌನದ ಮೇಲೆಯೇ ಬ್ಯಾಂಕು ನಿಂತಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಈಗ ನೀನು ಕೂರುವ ಕುರ್ಚಿಯ ಮುಂದೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಲೆಡ್ಜರು ತೆರೆದುಕೊಳ್ಳುತ್ತದೆ. ಯಾರು ಯಾವ ಔಷಧಿ ತರಿಸಿದರು, ರಾತ್ರಿ ಎಲ್ಲಿಂದ ಎಲ್ಲಿಗೆ ಕ್ಯಾಬ್ ಹಿಡಿದರು, ಯಾವ ಹೊತ್ತಿನಲ್ಲಿ ಯಾರ ಜೊತೆ ಮಾತಾಡಿದರು ಎಂಬುದು ಅಲ್ಲಿರುತ್ತದೆ. ಪರಿಚಯದವರ ಹೆಸರನ್ನು ಕುತೂಹಲಕ್ಕಾಗಿಯೂ ಹುಡುಕಬೇಡ. ಕೆಲಸಕ್ಕಲ್ಲದೆ ಕದ್ದು ನೋಡುವುದು ತಪ್ಪು, ನೋಡಿದ್ದು ಯಾರಿಗೂ ಗೊತ್ತಾಗದಿದ್ದರೂ ತಪ್ಪೇ. ಹೊಸ ಪ್ರೋಗ್ರಾಂ ಪರೀಕ್ಷಿಸಲು ನಿಜವಾದ ಗ್ರಾಹಕರ ಮಾಹಿತಿಯನ್ನು ನಿನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಡ. ಗಡುವು ಹತ್ತಿರ ಬಂದಿದೆ ಎಂದು ಮೇಲಿನವರು ಅವಸರ ಮಾಡುತ್ತಾರೆ, ಆಗಲೂ ಸುಳ್ಳು ಹೆಸರು, ಸುಳ್ಳು ನಂಬರುಗಳನ್ನು ಸೃಷ್ಟಿಸಿಯೇ ಪರೀಕ್ಷೆ ಮಾಡು. ಇನ್ನೊಂದು ಮಾತು, ಇದನ್ನು ಹೇಳಲು ಧೈರ್ಯ ಬೇಕು. ಮೀಟಿಂಗಿನಲ್ಲಿ ಯಾರಾದರೂ ‘ಹುಟ್ಟಿದ ದಿನಾಂಕವನ್ನೂ ಕೇಳಿಬಿಡೋಣ, ಮುಂದೆ ಯಾವುದಕ್ಕಾದರೂ ಬೇಕಾದೀತು’ ಅಂದಾಗ, ‘ಯಾತಕ್ಕೆ ಬೇಕು ಸರ್?’ ಎಂದು ಕೇಳು. ಹೊಸಬಳು ಎಂಬ ಸಂಕೋಚ ಬೇಡ. ಶೇಖರಿಸದೇ ಬಿಟ್ಟ ಮಾಹಿತಿಯನ್ನು ಯಾವ ಕಳ್ಳನೂ ಕದಿಯಲಾರ.

ಕಾನೂನೂ ಈಗ ನಿನ್ನ ಬೆನ್ನಿಗಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದವು. ಮುಖ್ಯವಾದ ಹೊಣೆಗಳನ್ನು ಜಾರಿಗೆ ತರಲು ಕಂಪನಿಗಳಿಗೆ 18 ತಿಂಗಳು ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆ ಕಾಯ್ದೆಯ ಆರನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ, ನನಗೆ ಬಹಳ ಹಿಡಿಸಿತು. ಫೋನಿನಲ್ಲೇ ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು, ಚಿಕಿತ್ಸೆಯ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಗೂ ಅನುಮತಿ ಕೇಳುತ್ತದೆ. ಬಳಸುವಾಕೆ ಎರಡಕ್ಕೂ ಒಪ್ಪಿಬಿಡುತ್ತಾಳೆ. ಆದರೂ ಆ ಒಪ್ಪಿಗೆ ಚಿಕಿತ್ಸೆಗೆ ಮಾತ್ರ ಸಲ್ಲುತ್ತದೆ, ಏಕೆಂದರೆ ವೈದ್ಯರ ಸಲಹೆಗೆ ನೆಂಟರಿಷ್ಟರ ನಂಬರು ಬೇಕಾಗಿಲ್ಲ ಎನ್ನುತ್ತದೆ ಕಾನೂನು. ಕಾಯ್ದೆಯ ಎಲ್ಲವನ್ನೂ ನಾನು ಒಪ್ಪಿದ್ದೇನೆಂದಲ್ಲ. ಸರ್ಕಾರಕ್ಕೆ ಅದು ಕೊಟ್ಟಿರುವ ವಿನಾಯಿತಿ ತೀರಾ ಅಗಲ. ಅದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ ಒಂದು ಕಲಮನ್ನೂ ಬಿಗಿ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಖಾಸಗಿತನ ಜನರಿಗಿರಬೇಕು, ಅಧಿಕಾರದಲ್ಲಿ ಕೂತವರ ಲೆಕ್ಕಪತ್ರ ತೆರೆದಿರಬೇಕು.

ಕಾಂಟ್ಯಾಕ್ಟ್ ಪಟ್ಟಿ ಎಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆಂದು ಬಂದ ಆ್ಯಪ್‌ಗಳು ಮೊದಲು ಕೇಳುತ್ತಿದ್ದದ್ದು ಅದನ್ನೇ. ಕಂತು ತಪ್ಪಿದರೆ ಸಾಲಗಾರನ ಅತ್ತೆಗೆ, ಆಫೀಸಿನವರಿಗೆ, ಬಾಲ್ಯದ ಗೆಳೆಯನಿಗೆ ಫೋನ್ ಮಾಡಿ ಮಾನ ಕಳೆಯುತ್ತಿದ್ದರು. ಗ್ಯಾಲರಿಯ ಫೋಟೊಗಳನ್ನು ಅಶ್ಲೀಲವಾಗಿ ತಿದ್ದಿ ಎಲ್ಲರಿಗೂ ಕಳಿಸುತ್ತಿದ್ದರು. ಆ ಅವಮಾನ ತಾಳಲಾರದೆ ಜೀವ ಕಳೆದುಕೊಂಡವರಿದ್ದಾರೆ. 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಮಾರ್ಗಸೂಚಿಯಂತೆ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿಯನ್ನಾಗಲಿ, ಫೋಟೊ, ಫೈಲುಗಳನ್ನಾಗಲಿ, ಕರೆಗಳ ವಿವರವನ್ನಾಗಲಿ ಮುಟ್ಟುವಂತಿಲ್ಲ. ಕೈ ಬರಿದಾಗಿ ದುಡ್ಡು ಬೇಕೆನಿಸಿದರೆ ನನ್ನನ್ನು ಕೇಳು, ಅಪ್ಪನನ್ನು ಕೇಳು, ಬೈಗುಳ ತಿಂದರೂ ಪರವಾಗಿಲ್ಲ. ಯಾವ ಆ್ಯಪ್ ಆದರೂ ಸರಿ, ಕಾಂಟ್ಯಾಕ್ಟ್ ಕೇಳಿದರೆ ಬೇಡ ಎಂದೇ ಒತ್ತು. ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳುತ್ತದೆ, ಆಗ ಯೋಚಿಸಿದರಾಯಿತು.

ಬೆರಳಚ್ಚಿನ ವಿಷಯ ಇದಕ್ಕಿಂತ ಗಂಭೀರ. ಆಧಾರ್ ಆಧಾರಿತ ಪಾವತಿ ಎಂದು ಒಂದು ವ್ಯವಸ್ಥೆಯಿದೆ. ಹಳ್ಳಿಯ ಜನ ಶಾಖೆಗೆ ಅಲೆಯದೆ ಊರಿನಲ್ಲೇ ಬ್ಯಾಂಕ್ ಮಿತ್ರರ ಯಂತ್ರದ ಮೇಲೆ ಬೆರಳಿಟ್ಟು ತಮ್ಮ ಪಿಂಚಣಿ ಪಡೆಯಲೆಂದು ಮಾಡಿದ್ದು. ಒಳ್ಳೆಯ ಯೋಚನೆ, ಎಷ್ಟೋ ಮುದುಕರಿಗೆ ನೆರವಾಗಿದೆ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು, ಪಿನ್ ಬೇಡ, ಒಟಿಪಿ ಬೇಡ. ಕಳ್ಳರು ಹಿಡಿದದ್ದು ಇದನ್ನೇ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆ ಹಣ ಹೋಯಿತು. ನೋಂದಣಿ ಪತ್ರದ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ ಬಳಸಿದ್ದರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ? ಆದ್ದರಿಂದ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕು. ಬೇಕಾದಾಗ ತೆಗೆಯಬಹುದು, ಮತ್ತೆ ಹಾಕಬಹುದು. ಲಾಡ್ಜಿನವರು, ಪಿಜಿಯವರು ಆಧಾರ್ ಜೆರಾಕ್ಸ್ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಕೊಡು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಈ ಎಚ್ಚರಿಕೆ ಕೊಟ್ಟಿತ್ತು. ಜನ ತಪ್ಪಾಗಿ ಅರ್ಥೈಸಿಕೊಂಡಾರೆಂದು ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸು ತೆಗೆದುಕೊಂಡಿತು. ಅದನ್ನು ವಾಪಸು ಪಡೆಯಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಆಧಾರ್ ಎಂದ ಮೇಲೆ ನಿನಗೆ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರು ಗೊತ್ತಿರಬೇಕು. ನೀನು ಹೋಗುತ್ತಿರುವ ಬೆಂಗಳೂರಿನಲ್ಲೇ ಬಾಳಿದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. ಅದಕ್ಕೆ ಆಧಾರವಾಗಿ 1954ರ ಎಂ. ಪಿ. ಶರ್ಮಾ ಪ್ರಕರಣ, 1962ರ ಖರಕ್ ಸಿಂಗ್ ಪ್ರಕರಣದ ತೀರ್ಪುಗಳಿದ್ದವು. ಕೊನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂತು, 2017ರ ಆಗಸ್ಟ್ 24ರಂದು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಮರುವರ್ಷ ಆಧಾರ್ ಯೋಜನೆಯನ್ನು ಕೋರ್ಟು ಎತ್ತಿಹಿಡಿಯಿತಾದರೂ, ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. 86ರ ವಯಸ್ಸಿನಲ್ಲಿ ಅವರಿಗೆ ಸ್ವಂತಕ್ಕೆ ಮುಚ್ಚಿಡುವಂಥದ್ದು ಏನಿದ್ದೀತು ಹೇಳು! ಅವರು ಕೋರ್ಟಿಗೆ ಹೋದದ್ದು ನಮ್ಮೆಲ್ಲರಿಗಾಗಿ, ಆಗ ಶಾಲೆಗೆ ಹೋಗುತ್ತಿದ್ದ ನಿನಗಾಗಿಯೂ.

ಆ್ಯಪ್, ಜೆರಾಕ್ಸ್ ಎಂದು ಅಲ್ಲಿಷ್ಟು ಇಲ್ಲಿಷ್ಟು ಸೋರಿದ ಮಾಹಿತಿ ಏನಾಗುತ್ತದೆ ಎಂಬುದಕ್ಕೆ ಡಿಜಿಟಲ್ ಅರೆಸ್ಟ್ ನೋಡು. ಪೊಲೀಸ್ ವೇಷದವನು ವಿಡಿಯೊ ಕರೆಯಲ್ಲಿ ಬರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕರೆ ಕತ್ತರಿಸಬೇಡಿ, ಯಾರಿಗೂ ಹೇಳಬೇಡಿ ಅನ್ನುತ್ತಾನೆ. ನಿವೃತ್ತ ಅಧಿಕಾರಿಗಳು, ವೈದ್ಯರು, ನಿನ್ನಂಥ ಎಂಜಿನಿಯರುಗಳು ಕೂಡ ಅದನ್ನು ನಂಬಿ ಜೀವಮಾನದ ಗಳಿಕೆ ಕಳೆದುಕೊಂಡಿದ್ದಾರೆ. ದಡ್ಡರಾಗಿ ಅಲ್ಲ. ಆ ಕಡೆಯವನ ಬಾಯಲ್ಲಿ ಇವರ ಆಧಾರ್ ಸಂಖ್ಯೆ, ಮನೆಯ ವಿಳಾಸ, ಮಗಳ ಹೆಸರು ಸರಿಯಾಗಿ ಬಂದಾಗ ಎದೆ ಝಲ್ಲೆನ್ನುತ್ತದೆ, ಇವನು ನಿಜವಾದ ಪೊಲೀಸೇ ಇರಬೇಕು ಅನಿಸುತ್ತದೆ. ಭಾರತದ ಕಾನೂನಿನಲ್ಲಿ ವಿಡಿಯೊ ಕರೆಯ ಮೇಲೆ ಬಂಧಿಸುವ ಪದ್ಧತಿಯೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊದಲ್ಲಿ ಇದನ್ನು ಹೇಳಬೇಕಾಯಿತು. ನಮ್ಮ ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರನ್ನು ಅವನೇ ಪಾಸು ಮಾಡುವಂತಿರಲಿಲ್ಲ, ಇನ್ನೊಬ್ಬರ ಕಣ್ಣು ಬೀಳಲೇಬೇಕಿತ್ತು. ಅದನ್ನು ನಮ್ಮ ಮನೆಗಳಿಗೂ ತರೋಣ. ದೊಡ್ಡ ಮೊತ್ತ ಯಾರಿಗಾದರೂ ಕಳಿಸುವ ಮೊದಲು ಮನೆಯ ಇನ್ನೊಬ್ಬರಿಗೆ ಫೋನ್ ಮಾಡಿ ಹೇಳಬೇಕು, ಎಂಥ ತುರ್ತಾದರೂ ಸರಿ. ಯಾರಿಗೂ ಹೇಳಬೇಡ ಎಂದವನು ಕಳ್ಳನೇ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ, ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚು.

ಪಾಸ್‌ವರ್ಡಿನ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬೇಗ ಮುಗಿಸುತ್ತೇನೆ. ದೊಡ್ಡಕ್ಷರ, ಚಿಹ್ನೆ, ಆಗಾಗ ಬದಲಾವಣೆ ಎಂಬ ಕಾಟಕ್ಕೆ ಮೂಲವಾದ 2003ರ ಅಮೆರಿಕದ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್ ಎಂಬವರು, ಅದಕ್ಕಾಗಿ 2017ರಲ್ಲಿ ವಿಷಾದಿಸಿದರು. ಚಿಹ್ನೆಗಿಂತ ಉದ್ದ ಮುಖ್ಯ. ಹಲಸು, ಲಾಂದ್ರ, ರೈಲು, ಮಜ್ಜಿಗೆ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪಿಗೂ ಸುಲಭ, ಒಡೆಯುವವರಿಗೂ ಕಷ್ಟ. ಇವೇ ಪದ ಬೇಡ, ನಿನ್ನದೇ ಆರಿಸಿಕೊ. ಇಮೇಲಿನ ಪಾಸ್‌ವರ್ಡ್ ಎಲ್ಲಕ್ಕಿಂತ ಗಟ್ಟಿಯಿರಲಿ, ಉಳಿದ ಖಾತೆಗಳನ್ನು ಮರಳಿ ಪಡೆಯುವ ದಾರಿ ಅದೇ. ಎರಡು ಹಂತದ ಪರಿಶೀಲನೆಯನ್ನು ಎಲ್ಲೆಡೆ ಹಾಕಿಕೊ. ಬ್ಯಾಂಕಿನ ಲಾಕರು ನಮ್ಮ ಕೀಲಿ, ಗ್ರಾಹಕರ ಕೀಲಿ ಎರಡೂ ತಿರುಗಿದರಷ್ಟೇ ತೆರೆಯುವಂತೆ, ಒಂದು ಕಳೆದರೂ ಇನ್ನೊಂದು ಕಾಯುತ್ತದೆ.

ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಆಗ ನನಗೊಂದು ಉಪಕಾರ ಮಾಡು. ಅಮ್ಮನ ಫೋನನ್ನು ಕಿತ್ತುಕೊಂಡು ಚಕಚಕನೆ ಸರಿಮಾಡಿ ಕೊಡಬೇಡ. ನಮ್ಮ ಮನೆಗಳಲ್ಲಿ ಹೆಂಗಸರ ಪಿನ್ ಎಲ್ಲರಿಗೂ ಗೊತ್ತಿರುತ್ತದೆ, ಅವರ ವಾಟ್ಸ್‌ಆ್ಯಪನ್ನು ಯಾರು ಬೇಕಾದರೂ ತೆರೆಯುತ್ತಾರೆ, ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಅವಳ ಪಕ್ಕದಲ್ಲಿ ಕೂತು, ಅವಳ ಕೈಯಲ್ಲೇ ಮಾಡಿಸು. ದುಡ್ಡು ಕಳಿಸುವಾಗ ಪಿನ್ ಬೇಕು, ಬರುವ ದುಡ್ಡಿಗೆ ಬೇಕಿಲ್ಲ ಎಂಬುದನ್ನು ಎರಡು ಸಲ ಹೇಳು. ಹೊಸ ಪಿನ್ ಅವಳೇ ಆರಿಸಲಿ, ನಿನಗೂ ಹೇಳದಿರಲಿ. ಆಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅಪ್ಪನ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ನೋಡಿ, ಗೊತ್ತಿಲ್ಲದ ನಂಬರು ಕಂಡರೆ ಅಲ್ಲೇ ದೂರು ಕೊಡಿಸು. ನನ್ನದನ್ನೂ ನೋಡಿಕೊಡು. ಒಟಿಪಿ ಬಂದಾಗ ನಾನೇ ಓದಿ ಹಾಕುತ್ತೇನೆ.

ನಿನ್ನ
ದೊಡ್ಡಪ್ಪ